ಉಪ್ಪು ಕಾಣದ ಬೆಣ್ಣೆ

ಪಲ್ಯಕ್ಕೆ ಕಾಯಿ ತುರಿಯುವುದು, ಮಸಾಲೆ ರುಬ್ಬುವುದು ನನ್ನ ಸ್ವಭಾವಕ್ಕೆ ಒಗ್ಗಿಬಂದ ಕೆಲಸವಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರು ಒಲೆಯ ಮುಂದೆ ಬಹಳ ಹೊತ್ತು ನಿಲ್ಲಬಾರದು. ಹುರುಳಿಕಾಯಿಯೋ ಸಿಹಿಗೆಣಸೋ ಬೇಯಿಸಿ, ನೀರು ಬಸಿದು, ಕೆಳಗಿಳಿಸಿದ ಮೇಲೆ ಒಂದು ಗೋಲಿಯಷ್ಟು ಬೆಣ್ಣೆ ಹಾಕಿ ಕಲಸಿದರೆ ನನ್ನ ಪಲ್ಯ ಮುಗಿಯಿತು. ಬರೀ ಬೆಣ್ಣೆಯಲ್ಲ. ಸುಟ್ಟ ಬೆಳ್ಳುಳ್ಳಿ, ಹುರಿದ ಜೀರಿಗೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಎಲ್ಲವನ್ನೂ ಜಜ್ಜಿ, ಬೆಣ್ಣೆಗೆ ನಾದಿ, ಡಬ್ಬಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿ ಇಟ್ಟಿರುತ್ತೇನೆ. ಒಲೆಯ ಮೇಲಿರುವಾಗಲೇ ಹಾಕಿದರೆ ಬೆಳ್ಳುಳ್ಳಿ ಸೀದು, ಬೆಣ್ಣೆ ತುಪ್ಪವಾಗಿ ಎರಡೂ ಕೆಡುತ್ತವೆ. ಬಿಸಿ ತರಕಾರಿಯ ಮೇಲೆ ಅದು ತಾನಾಗಿ ಕರಗಬೇಕು.

ಇದನ್ನು ಕಲಿತದ್ದು ತಿ. ನರಸೀಪುರದ ನನ್ನ ತವರಿನಲ್ಲಿ. ತಮ್ಮನ ಹೆಂಡತಿ ಫೋನಿನಲ್ಲಿ ನೋಡಿಕೊಂಡು ಮಾಡಿ, ಬೇಯಿಸಿದ ಜೋಳದ ತೆನೆಗೆ ಸವರಿ ಕೊಟ್ಟಿದ್ದಳು. ತಿಂದು ಬೆರಳು ನೆಕ್ಕಿಕೊಂಡವಳೇ, ಕವಲಂದೆಯ ಗಂಡನ ಮನೆಗೆ ವಾಪಸು ಬಂದು, ಕೂಡಿಟ್ಟ ಕೆನೆಯನ್ನು ಮಿಕ್ಸಿಗೆ ಹಾಕಿ ಬೆಣ್ಣೆ ತೆಗೆದೆ. ನಮ್ಮದು ಎರಡು ಹಸುಗಳಿರುವ ಮನೆ. ಹಾಲೆಲ್ಲ ಡೈರಿಗೆ ಹೋಗಿ, ಕಾಫಿಗೆ ಉಳಿಯುವುದರಲ್ಲಿ ಕಟ್ಟುವ ಕೆನೆ ಎಷ್ಟು ಮಹಾ? ಅಂಗೈಯಷ್ಟು ಬೆಣ್ಣೆ ಬಂತು. ಎಲ್ಲ ಬೆರೆಸಿ, ಕೊನೆಗೆ ಉಪ್ಪಿನ ಡಬ್ಬಿಗೆ ಕೈ ಹಾಕಿದ್ದೆ, ಅಷ್ಟರಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬೆಣ್ಣೆಗೆ ಉಪ್ಪ ಆಕ್ಬಾರ್ದು ಕಣವ್ವ. ಅಸಿನ ಕೆಚ್ಚಲು ಒಡ್ದೋಯ್ತದೆ."

"ಮಜ್ಜಿಗೆಗೆ ಹಾಕ್ತೀರಲ್ಲ ಅತ್ತೆ?"

"ಮಜ್ಜಿಗೆ ಬ್ಯಾರೆ, ಬೆಣ್ಣೆ ಬ್ಯಾರೆ."

ಎರಡೂ ಒಂದೇ ಗಡಿಗೆಯಿಂದ ಹುಟ್ಟಿದ ಅಕ್ಕತಂಗಿಯರು. ಒಬ್ಬಳಿಗೆ ಉಪ್ಪು ಆಗುತ್ತೆ, ಇನ್ನೊಬ್ಬಳಿಗೆ ಆಗುವುದಿಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುವ ಗಾದೆ ಕಟ್ಟಿದವರು ನಮ್ಮ ಅತ್ತೆಯನ್ನು ನೋಡಿರಲಿಲ್ಲ. ಜಗಳವಾಡಬೇಕೆನ್ನಿಸಿತು. ಆದರೆ ಕೊಟ್ಟಿಗೆಯಲ್ಲಿ ಒಂದು ಹಸು ಗಬ್ಬವಾಗಿತ್ತು. ನಾಳೆ ಅದಕ್ಕೆ ಕೆಚ್ಚಲು ಬಾವು ಬಂದರೆ ಗೂಬೆ ನನ್ನ ತಲೆಯ ಮೇಲೆಯೇ ಕೂರುತ್ತದೆ. ಡಬ್ಬಿ ಮುಚ್ಚಿಟ್ಟೆ. ಅಂದಿನಿಂದ ಉಪ್ಪು ತರಕಾರಿಗೆ, ಮಿಕ್ಕಿದ್ದು ಬೆಣ್ಣೆಗೆ.

ಹಾಗೆ ಮಾಡಿದ್ದನ್ನೂ ಅತ್ತೆ ತಿನ್ನುತ್ತಿರಲಿಲ್ಲ. "ನಂಗೆ ಬೆಣ್ಣೆ ಸೇರಕಿಲ್ಲ ಕಣವ್ವ" ಅನ್ನುತ್ತಿದ್ದರು. ಅವರಿಗಾಗಿ ಒಗ್ಗರಣೆ ಹಾಕಿ ಬೇರೆಯೇ ಪಲ್ಯ ತೆಗೆದಿಡುತ್ತಿದ್ದೆ, ಗೊಣಗಿಕೊಂಡೇ.

ಈ ಸಲದ ಚಳಿಗೆ ಅತ್ತೆಗೆ ಜ್ವರ ಬಂತು. ಜ್ವರವೇನೋ ಬಿಟ್ಟಿತು, ಊಟವನ್ನೂ ಬಿಡಿಸಿ ಹೋಯಿತು. ಬಾಯಿಗೆ ಏನಿಟ್ಟರೂ ಮಣ್ಣು ಮಣ್ಣು ಅನ್ನುತ್ತಿದ್ದರು. ಎರಡು ಗುಟುಕು ಗಂಜಿ ಕುಡಿದು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಮಣಿಕಟ್ಟಿನಲ್ಲಿ ನಿಲ್ಲುತ್ತಿದ್ದ ಬಳೆಗಳು ಕೈ ಎತ್ತಿದರೆ ಮೊಣಕೈಗೆ ಜಾರುತ್ತಿದ್ದವು. ನಂಜನಗೂಡಿನ ಡಾಕ್ಟರು ಪರೀಕ್ಷೆ ಮಾಡಿ, "ಕಾಯಿಲೆ ಏನಿಲ್ಲ, ಊಟ ಸೇರಬೇಕು ಅಷ್ಟೆ. ಸೇರದೆ ಹೋದರೆ ಕಷ್ಟ" ಅಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಭುಜದ ಮೇಲೆ ಭಾರವೇ ಇರಲಿಲ್ಲ. ಬೈಯಲು ಈ ಮುದುಕಿ ಇಲ್ಲದಿದ್ದರೆ ಅಡುಗೆಮನೆಯಲ್ಲಿ ನಾನು ಯಾರ ಜೊತೆ ಹಟ ಮಾಡಲಿ ಅಂತ ಹೆದರಿಕೆಯಾಯಿತು.

ಅನ್ನಕ್ಕೆ ಸೊಪ್ಪಿನ ಸಾರು, ಮೆಂತ್ಯದ ಗೊಜ್ಜು, ನಿಂಬೆಹಣ್ಣಿನ ಉಪ್ಪಿನಕಾಯಿ, ಎಲ್ಲ ಮಾಡಿ ನೋಡಿದೆ. ಎಲ್ಲವೂ ತಟ್ಟೆಯಲ್ಲೇ ಉಳಿದವು.

ಒಂದು ಮಧ್ಯಾಹ್ನ ನಮ್ಮಿಬ್ಬರಿಗೆಂದು, ಅಂದರೆ ನನಗೂ ನಮ್ಮ ಯಜಮಾನರಿಗೂ, ಸಿಹಿಕುಂಬಳಕಾಯಿ ಬೇಯಿಸಿದ್ದೆ. ಮೆತ್ತಗೆ ಹಿಸುಕಿ, ಡಬ್ಬಿಯ ತಳದಲ್ಲಿದ್ದ ಬೆಣ್ಣೆಯನ್ನು ಕೆರೆದು ಹಾಕಿದೆ. ಜೀರಿಗೆ, ಬೆಳ್ಳುಳ್ಳಿಯ ಘಮ ಎದ್ದಿತು. ಹಿತ್ತಿಲ ಬಾಗಿಲಲ್ಲಿ ಬಿಸಿಲು ಕಾಯಿಸುತ್ತಿದ್ದ ಅತ್ತೆ ತಿರುಗಿದರು.

"ಏನವ್ವ ಅದು ಗಮಲು?"

ಹೆಸರು ಹೇಳಿದರೆ ಬೇಡ ಅಂತಾರೆಂದು, ಮಾತಾಡದೆ ತಟ್ಟೆಯಲ್ಲಿ ಒಂದು ಸೌಟು ಹಾಕಿ ಕೈಗೆ ಕೊಟ್ಟೆ. ಮೊದಲು ಬೆರಳ ತುದಿಯಲ್ಲಿ ತೆಗೆದುಕೊಂಡರು. ಆಮೇಲೆ ಐದು ಬೆರಳೂ ಇಳಿದವು. ಖಾಲಿ ತಟ್ಟೆಯನ್ನು ನನ್ನ ಕಡೆ ಚಾಚಿ ಅತ್ತೆ ಹೇಳಿದರು, "ಸಪ್ಪಗದೆ. ಆ ಬೆಣ್ಣೆಗೆ ಒಸಿ ಉಪ್ಪ ಆಕುದ್ರೆ ಏನಾಗದು ನಿಂಗೆ?"

ಬೆಣ್ಣೆ ಅಂತ ಅವರಿಗೆ ಮೊದಲೇ ಗೊತ್ತಾಗಿತ್ತು. ನನಗೆ ನಗುವೂ ಬಂತು, ಸಿಟ್ಟೂ ಬಂತು. "ಹಸಿನ ಕೆಚ್ಚಲು?" ಅಂದೆ.

"ಅದು ನಮ್ಮತ್ತೆ ಯೋಳ್ತಿದ್ದ ಮಾತು ಕಣವ್ವ. ಉಪ್ಪು ಕಾರ ಮುಟ್ಸುದ್ರೆ ಸೊಸೇರು ಗಡಿಗೆ ಬರಿದು ಮಾಡ್ಬುಡ್ತಾರೆ ಅಂತ. ಬೆಣ್ಣೆಯೆಲ್ಲ ನಂಜನಗೂಡಿನ ಓಟ್ಲುಗೆ ಓಯ್ತಿತ್ತು."

"ನೀವು ತಿಂತಾನೇ ಇರಲಿಲ್ವಾ?"

"ಕಡೆದ ಕೈಯ ನೆಕ್ಕಿವ್ನಿ ಅಷ್ಟೆಯ. ಯಾರಾರ ತಿನ್ನವ್ವ ಅಂದ್ರೆ ಅತ್ತೆ ಮಕ ನೋಡಿ, ಸೇರಕಿಲ್ಲ ಅಂದ್ಬುಡ್ತಿದ್ದೆ. ಅಂತಾ ಅಂತಾ ಅದೇ ದಿಟ ಆಗೋಯ್ತು."

ಇಷ್ಟನ್ನು ಅವರು ಸಂಕಟಪಟ್ಟುಕೊಂಡು ಹೇಳಲಿಲ್ಲ, ಉಪ್ಪಿನ ಡಬ್ಬಿಯ ಮೇಲೆ ಕಣ್ಣಿಟ್ಟು ಹೇಳಿದರು. ಸಂಕಟವಾದದ್ದು ನನಗೆ. ಗೋಡೆಯ ಫೋಟೋದಲ್ಲಿ ಮಾತ್ರ ಕಂಡಿದ್ದ ಆ ಹಳೆಯ ಅತ್ತೆಯ ಮೇಲೆ ಕೋಪ ಉಕ್ಕಿತು. ಬೈಯೋಣವೆಂದರೆ ಅವರು ಸತ್ತು ಎಷ್ಟೋ ಕಾಲವಾಗಿದೆ. ಕುಂಬಳಕಾಯಿಯ ಪಾತ್ರೆಯನ್ನೇ ತಂದು ಅತ್ತೆಯ ಮುಂದಿಟ್ಟು, ಕೈಗೆ ಉಪ್ಪು ಕೊಟ್ಟೆ. ಯಜಮಾನರಿಗೆ ಆ ದಿನ ಬರೀ ಸಾರು.

ಸಾಯಂಕಾಲ ಯಜಮಾನರು ಹಾಲು ಕರೆದು, ಕ್ಯಾನನ್ನು ಬೈಕಿಗೆ ಕಟ್ಟುತ್ತಿದ್ದರು. ಅತ್ತೆ ಗೋಡೆ ಹಿಡಿದುಕೊಂಡು ಜಗುಲಿಯವರೆಗೆ ನಡೆದು ಬಂದರು. ಅವರ ಕೈಯಲ್ಲಿ ದೊಡ್ಡ ಚೊಂಬಿತ್ತು.

"ಇದರ ತುಂಬ ಉಯ್ದುಬುಟ್ಟು ಓಗ್ಲಾ. ಇನ್ಮೇಲೆ ದಿನಾಲೂ."

"ಯಾಕವ್ವ, ನೆಂಟ್ರು ಬತ್ತಾವ್ರಾ?"

"ಯಾರೂ ಬರಕಿಲ್ಲ ಕಣ್ಲಾ" ಅಂದರು ಅತ್ತೆ. "ನಾನೂ ನಿನ್ನೆಡ್ತೀನೂ ಬೆಣ್ಣೆ ತಿನ್ನಕೆ."