ಉತ್ತಮ ಕ್ಷಮಾ ಅನ್ನಬೇಕಾದ ದಿನ

ನನ್ನ ತಮ್ಮನ ಮಗಳು ಮೊದಲ ಸಲ ಟಿವಿಯಲ್ಲಿ ಸುದ್ದಿ ಓದಿದ ಸಂಜೆ ಖಾನಾಪುರದ ನಮ್ಮ ತವರುಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಬೆಳಗಾವಿಯಿಂದ ಹೋಗಿ ಮುಟ್ಟುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಗೋಡೆಗೆ ಒರಗಿ ಕೂತಾಗಿತ್ತು. ಬಾಜೂ ಮನೆಯ ಮುದುಕಿ, ಓಣಿಯವರೆಲ್ಲ ಕಾಕು ಅನ್ನುವವಳು, ಟಿವಿಯ ಎದುರಿಗೇ ಮಣೆ ಹಾಕಿಕೊಂಡಿದ್ದಳು. ಕಾಕುವಿನ ಮಗ, ಕಿರಾಣಿ ಅಂಗಡಿಯವ, ಬಂದು ಆವಾಜು ಹೆಚ್ಚು ಮಾಡಿಕೊಟ್ಟು ಹೋದ. ಹುಡುಗಿ ತೆರೆಯ ಮೇಲೆ ಕಾಣಿಸಿಕೊಂಡು ನಮಸ್ಕಾರ ಅಂದ ಕೂಡಲೇ ಕಾಕು ತಾನೂ ಕೈ ಮುಗಿದಳು.

"ಆಕೀಗೆ ಕಾಣಸ್ತೈತೇನ ನೀ ಕೈ ಮುಗದದ್ದು?" ಅಂದಳು ನಮ್ಮವ್ವ.

"ಕಾಣ್ಲಿ ಬಿಡ್ಲಿ. ಮನಿಗೆ ಬಂದು ಕೈ ಮುಗದ ಕೂಸಿನ ಮುಂದ ನಾ ಕಲ್ಲ ಕುಂತಂಗ ಕುಂದರಂಗಿಲ್ಲ. ನೀ ಕುಂದ್ರು, ಸೊಕ್ಕಿನಾಕಿ."

ಈ ಇಬ್ಬರ ಬಾಯಿಂದಲೇ ನಾನು ಮಾತು ಕಲಿತದ್ದು. ಎರಡು ಮನೆಗಳ ನಡುವಿನ ಗಿಡ್ಡ ಗೋಡೆಯ ಆಚೆ ಒಬ್ಬಳು, ಈಚೆ ಒಬ್ಬಳು ನಿಂತು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಊರ ಸುದ್ದಿಯನ್ನೆಲ್ಲ ಹಸನು ಮಾಡಿ ಮುಗಿಸುತ್ತಿದ್ದರು. ಬೈಗುಳವನ್ನೂ ಅಲ್ಲಿಯೇ ಕಲಿತೆ. "ನಿನ್ನ ಬಾಯಾಗ ಮಣ್ಣ ಹಾಕ" ಅನ್ನುತ್ತಲೇ ಕಾಕು ಗೋಡೆಯ ಮೇಲಿಂದ ಬಗ್ಗಿ ನನ್ನ ಬಾಯಿಗೆ ಬೆಲ್ಲದ ಚೂರು ಇಡುತ್ತಿದ್ದಳು. ಮೂಳಿ, ಭಾಡ್ಯಾ, ಯಾವುದನ್ನೂ ಬಿಟ್ಟವರಲ್ಲ. ಆದರೆ ಬೈದವರ ಮುಖ ಎದುರಿಗೇ ಇರುತ್ತಿತ್ತು, ಮರುದಿನ ಅದೇ ಮುಖ ಒಂದು ಚರಿಗೆ ಮಜ್ಜಿಗೆ ಹಿಡಿದುಕೊಂಡು ಬರುತ್ತಿತ್ತು. ಬೈಗುಳದ ಮಟ್ಟಿಗೆ ನಾನು ಕೇಳದ್ದು ಏನೂ ಉಳಿದಿಲ್ಲ ಎಂದೇ ನಂಬಿಕೊಂಡಿದ್ದೆ.

ಹುಡುಗಿ ಕಾಲೇಜಿನ ದಿನಗಳಿಂದಲೂ ಬೆಳಗಾವಿಯಲ್ಲಿ, ಹಿಂದವಾಡಿಯ ನನ್ನ ಮನೆಯಲ್ಲೇ ಇದ್ದಾಳೆ. ಅವಳ ಚಾನೆಲ್ಲಿನ ಆಫೀಸು ರಾಮತೀರ್ಥ ನಗರದಲ್ಲಿ, ಒಂದು ಬಾಡಿಗೆ ಕಟ್ಟಡದ ಮಹಡಿಯ ಮೇಲೆ. ಏಳು ಗಂಟೆಯ ಸುದ್ದಿ ಅವಳದು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಅವಳು ಐದಕ್ಕೆಲ್ಲ ಉಂಡು, ಸ್ಕೂಟಿ ಹತ್ತಿ ಹೋಗುತ್ತಿದ್ದಳು. ಓದುವ ಸುದ್ದಿಯನ್ನು ಚಾನೆಲ್ಲಿನವರು ಆಗಿಂದಾಗಲೇ ಇಂಟರ್ನೆಟ್ಟಿಗೂ ಹಾಕುತ್ತಾರೆ. ಅದರ ಕೆಳಗೆ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಮೊದಮೊದಲು ಅಲ್ಲಿ ಭಾಷೆಯ ಜಗಳವೇ ಇತ್ತು. ಇವಳ ಕನ್ನಡಕ್ಕೆ ಮರಾಠಿ ವಾಸನೆ ಎಂದು ಒಂದು ಕಡೆಯವರು, ಈ ಮಣ್ಣಿನ ಹುಡುಗಿ ಕನ್ನಡದಲ್ಲಿ ಯಾಕೆ ಓದುತ್ತಾಳೆ ಎಂದು ಇನ್ನೊಂದು ಕಡೆಯವರು.

"ಎರಡೂ ಕಡೆಯವರು ನನ್ನ ಬೈಯೂದರಾಗ ಒಂದಾಗ್ಯಾರ ಅತ್ತಿ," ಅಂದಳು ನಗುತ್ತ. "ಬೆಳಗಾವಿಗೆ ಇದಕ್ಕಿಂತ ದೊಡ್ಡ ಸುದ್ದಿ ಎಲ್ಲೈತಿ? ಹೆಡ್‌ಲೈನ್ ಮಾಡೂಣೇನ?"

ಆಮೇಲೆ ಒಂದು ದಿನ ಚರ್ಚೆಯ ಕಾರ್ಯಕ್ರಮದಲ್ಲಿ, ಹೆಣ್ಣುಮಕ್ಕಳು ಸಂಜೆ ಹೊರಗೆ ಬೀಳುವುದೇ ತಪ್ಪು ಎಂದ ಒಬ್ಬ ದೊಡ್ಡ ಮನುಷ್ಯನಿಗೆ ಇವಳು, "ಹಾಗಾದರೆ ಏಳು ಗಂಟೆಯ ಸುದ್ದಿ ಯಾರು ಓದಬೇಕು ಸರ್?" ಎಂದು ಕೇಳಿದಳು. ಇಷ್ಟೇ. ಅಂದಿನಿಂದ ನಗೆ ನಿಂತಿತು. ಅವಳ ಎದೆಯ ಬಗ್ಗೆ ಬರೆದರು. ಒಂದು ರಾತ್ರಿಗೆ ಎಷ್ಟು ಎಂದು ಕೇಳಿ, ತಮ್ಮತಮ್ಮಲ್ಲೇ ಹರಾಜಿನ ಸವಾಲು ಕೂಗಿದರು. ಮುಖ ಅವಳದು, ಮೈ ಬೇರೆ ಯಾರದೋ, ಅಂಥ ಒಂದು ಫೋಟೋ ಮಾಡಿ ಹಾಕಿದರು. ಅದೇ ಮೇಜಿನ ಹಿಂದೆ ಕೂತು ಮಧ್ಯಾಹ್ನದ ಸುದ್ದಿ ಓದುವ ಹುಡುಗನ ಕೆಳಗೆ ಮಾತ್ರ, ಟೈ ಚಂದ ಐತಿ ಸರ್, ಎಲ್ಲಿ ತಗೊಂಡ್ರಿ ಎಂದು ಬರೆದಿದ್ದರು. ನಾನು ಒಂದು ಮಧ್ಯಾಹ್ನ ಚಾಳೀಸು ಹಾಕಿಕೊಂಡು ಓದಲು ಕೂತವಳು ನಡುವೆಯೇ ಎದ್ದು ಹೋಗಿ ಬಾಯಿ ಮುಕ್ಕಳಿಸಿದೆ. ನಾನೇನೂ ಅಂದಿರಲಿಲ್ಲ, ಆದರೂ ಬಾಯಿಗೆ ಅಂಟಿದಂತಾಗಿತ್ತು.

ಅವಳು ಅದನ್ನೂ ತಡೆದುಕೊಂಡಳು. ತಡೆಯಲಾಗದ್ದು ಬಂದದ್ದು ಒಂದು ಶನಿವಾರ. ಅವಳು ಊರಿಗೆ ಹೋಗಲು ಬಸ್ಸು ಹಿಡಿದಿದ್ದಳು. ಮನೆ ಮುಟ್ಟಿ ಕೈಕಾಲು ತೊಳೆಯುವಷ್ಟರಲ್ಲಿ ಹಿಂದಿನ ದಿನದ ಸುದ್ದಿಯ ಕೆಳಗೆ ಯಾರೋ ಬರೆದಿದ್ದರು: ಇವತ್ತು ಹಸಿರು ಡ್ರೆಸ್ಸಿನಲ್ಲಿ ಖಾನಾಪುರ ಸ್ಟ್ಯಾಂಡಿನಲ್ಲಿ ಇಳಿದಿದ್ದಾಳೆ, ಬೇಕಾದವರು ಹೋಗಿ ನೋಡಿಕೊಳ್ಳಿ. ಅದರ ಮುಂದೆ ಬರೆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಸುಳ್ಳು, ಫೋಟೋ ಯಾವುದೋ ಹೂವಿನದು.

ಹಸಿರು ಡ್ರೆಸ್ಸನ್ನು ಅವಳು ಮತ್ತೆ ಹಾಕಿಕೊಳ್ಳಲಿಲ್ಲ. ಸೋಮವಾರ ನನ್ನನ್ನು ಕರೆದುಕೊಂಡು ಸೈಬರ್ ಠಾಣೆಗೆ ಹೋಗಿ ತಕ್ರಾರು ಕೊಟ್ಟಳು. ಬರೆದವರು ನೂರಾರು ಜನ; ಠಾಣೆಯವರು ಒಬ್ಬೊಬ್ಬರದೇ ಜಾಡು ಹಿಡಿಯುತ್ತ ಹೋದರು, ಬಹಳ ಮಂದಿ ಸಿಗಲಿಲ್ಲ. ಸಿಕ್ಕವನು ಒಬ್ಬ, ಬಸ್ ಸ್ಟ್ಯಾಂಡಿನ ಸುದ್ದಿ ಬರೆದವನು. ಠಾಣೆಯವರು ಅವನ ನಂಬರ್ ಹೇಳಿದಾಗ ನನಗೆ ಗುರುತು ಹತ್ತಲಿಲ್ಲ. ಅವಳು ತನ್ನ ಮೊಬೈಲಿನಲ್ಲಿ ಒತ್ತಿ ನೋಡಿದಳು. ಅದರಲ್ಲಿ ಮೊದಲೇ ಬರೆದಿಟ್ಟ ಹೆಸರು ಕಾಣಿಸಿತು: ಬಾಜೂ ಮನಿ ಕಾಕಾ.

ಕಾಕುವಿನ ಮಗ, ಆ ಸಂಜೆ ಟಿವಿಯ ಆವಾಜು ಹೆಚ್ಚು ಮಾಡಿಕೊಟ್ಟವನು. ಅವನ ಅಂಗಡಿ ಸ್ಟ್ಯಾಂಡಿನ ಎದುರಿಗೇ ಇದೆ.

ಠಾಣೆಯವರು ಅವನನ್ನು ಕರೆಸಿ ಮೊಬೈಲು ಇಟ್ಟುಕೊಂಡು ಕಳಿಸಿದ ಮೇಲೆ ಮಾತು ಊರಲ್ಲೆಲ್ಲ ಹಬ್ಬಿತು. ಏನು ಬರೆದಿದ್ದ ಎಂಬುದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. "ಮೊಬೈಲಿನಾಗ ಏನೋ ಆಗೇತಿ" ಅಷ್ಟೇ. ಅದರ ಬದಲಿಗೆ ತಕ್ರಾರಿನ ಬಗ್ಗೆ ಎಲ್ಲರೂ ಆಡಿದರು. ನನ್ನ ತಮ್ಮ ಹಿಂದವಾಡಿಗೆ ಬಂದು ಚಹಾ ಕೂಡ ಮುಟ್ಟದೆ ಕೂತ.

"ಅಕ್ಕಾ, ನೀನರ ಹೇಳು ಆಕೀಗೆ. ಬಾಜೂ ಮನಿ. ದಿನಾ ಮುಖಾ ನೋಡಬೇಕು. ಅಂವಗ ಶಿಕ್ಷಾ ಆದ್ರ ಕಾಕು ಏನಾಗಬೇಕು? ಟಿವಿ ಬಿಟ್ಟು ಒಂದು ಸಾಲಿ ನೌಕರಿ ಹಿಡೀಲಿ."

"ಅಪ್ಪಾ, ಟಿವಿ ಬಿಟ್ರ ಅಂವ ಬಸ್ ಸ್ಟ್ಯಾಂಡ್ ಬಿಡ್ತಾನೇನ?" ಅಂದಳು ಹುಡುಗಿ ಒಳಗಿನಿಂದ.

ಅವನು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಪರ್ವ ಮುಗದ ಮ್ಯಾಲೆ ಕ್ಷಮಾವಾಣಿಗೆ ಊರಿಗೆ ಬರ್ರಿ. ಹಿರಿಯಾರು ಅವತ್ತ ಮುಗಸೂಣು ಅಂದಾರ" ಎಂದ.

ನಮ್ಮವರಲ್ಲದ ಓದುಗರಿಗೆ ಇದನ್ನು ಹೇಳಬೇಕು. ಭಾದ್ರಪದದಲ್ಲಿ ನಮ್ಮ ದಶಲಕ್ಷಣ ಪರ್ವ ಬರುತ್ತದೆ. ಉಪವಾಸ, ಬಸದಿ, ಪೂಜೆ ಎಲ್ಲ ಮುಗಿದ ಮೇಲೆ ಕ್ಷಮಾವಾಣಿಯ ದಿನ. ಅಂದು ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಎಲ್ಲರ ಮುಂದೆ ಕೈ ಮುಗಿದು, ಅರಿತೋ ಅರಿಯದೆಯೋ ಮನ ವಚನ ಕಾಯದಿಂದ ತಪ್ಪಾಗಿದ್ದರೆ ಕ್ಷಮಾ ಮಾಡಿ ಅನ್ನಬೇಕು. ಎದುರಿಗಿದ್ದವರು ಉತ್ತಮ ಕ್ಷಮಾ ಅನ್ನಬೇಕು. ಅನ್ನದೆ ಇರುವವರಿಲ್ಲ. ಹೊಲದ ಬದುವಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಆ ದಿನ ಬಸದಿಯ ಮೆಟ್ಟಿಲ ಮೇಲೆ ಒಬ್ಬರ ಕಾಲು ಒಬ್ಬರು ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೆ ಬಹಳ ಪ್ರೀತಿಯ ದಿನ ಅದು. ಅದನ್ನು ಹಿರಿಯರು ಹೀಗೆ ಉಪಯೋಗಿಸುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಆ ಮಧ್ಯಾಹ್ನ ಖಾನಾಪುರದ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಸಮಾಜದ ಹಿರಿಯರೊಬ್ಬರು ಬಂದರು, ನಾವೆಲ್ಲ ಅಜ್ಜಾರ ಅನ್ನುವವರು. ಅವರ ಹಿಂದೆ ಬಾಜೂ ಮನೆಯವನು, ಅವನ ಕೈ ಹಿಡಿದುಕೊಂಡು ಕಾಕು. ಕಾಕುವಿಗೆ ಈಚೆಗೆ ಕಣ್ಣು ಮಂದವಾಗಿದೆ. ಅವಳು ಬಂದವಳೇ ನಮ್ಮವ್ವನ ಮಗ್ಗುಲಲ್ಲಿ ಕೂತು ತೊಡೆಯ ಮೇಲೆ ಕೈ ಇಟ್ಟಳು.

ಅವನು ಎದ್ದು ನಿಂತು ನಮ್ಮವ್ವನ ಮುಂದೆ ಕೈ ಮುಗಿದ. "ಅರತೋ ಅರೀದನೋ ಮನ ವಚನ ಕಾಯದಿಂದ ತಪ್ಪಾಗಿದ್ರ ಕ್ಷಮಾ ಮಾಡ್ರಿ." ಅವ್ವ ಉತ್ತಮ ಕ್ಷಮಾ ಅಂದಳು. ತಮ್ಮನ ಮುಂದೆ ಅದೇ ಮಾತು, ಅದೇ ದನಿ. ನನ್ನ ಮುಂದೆಯೂ ಅದೇ. ನಾನು ಏನನ್ನುತ್ತೇನೆ ಎಂದು ಅವನು ಕಾಯಲೂ ಇಲ್ಲ. ಕೊನೆಗೆ ಹುಡುಗಿಯ ಮುಂದೆ ಬಂದು, ಅವಳ ಪಾದದ ಹತ್ತಿರದ ಜಮಖಾನೆಯನ್ನು ನೋಡುತ್ತ, ಅಕ್ಷರ ಬದಲಿಸದೆ ಅದನ್ನೇ ಅಂದ.

ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು.

"ಅರೀದನ ಆದದ್ದಕ್ಕ ಉತ್ತಮ ಕ್ಷಮಾ ಕಾಕಾ," ಅಂದಳು. "ಅರತ ಮಾಡಿದ್ದು ಯಾವದು, ಅದನ್ನ ಹೇಳ್ರಿ. ಅದಕ್ಕೂ ಅಂತೀನಿ."

ಅವನು ಅಜ್ಜಾರ ಕಡೆ ನೋಡಿದ.

"ತಂಗೀ," ಅಂದರು ಅಜ್ಜಾರು, "ಪರ್ವದ ದಿವಸ ಅಂಥಾ ಮಾತು ಮನ್ಯಾಗ ಬ್ಯಾಡ. ಅಂವ ಕೈ ಮುಗದಾನ. ಇನ್ನೇನ ಬೇಕು ನಿನಗ?"

"ಅವರು ಬರದದ್ದು ಊರಿಗೆಲ್ಲಾ ಕಾಣಸ್ತೈತ್ರಿ ಅಜ್ಜಾರ. ನೀವೂ ನೋಡೀರಿ. ಬಾಯಲೇ ಅನ್ನಾಕ ಅಷ್ಟ ನಾಚಿಕಿ ಏನು?"

ಆಗ ಕಾಕು ತಲೆ ಎತ್ತಿದಳು. "ಏನ ಬರದಾನವಾ ಅಂವ?" ಎಂದು ಕೇಳಿದಳು. "ನನಗ ಯಾರೂ ಹೇಳವಲ್ರು. ಇಲೆಕ್ಷನ್ನಿನ ಜಗಳಾ ಅಂತಾನ ಇಂವ. ಖರೇ ಏನು?"

ಮಗ ಕೂತು ಜಮಖಾನೆಯ ಅಂಚಿನ ದಾರ ಕೀಳತೊಡಗಿದ. ಹುಡುಗಿ ಮೊಬೈಲು ತೆಗೆದಳು. ಬೆರಳಿನಿಂದ ಸರಿಸಿ ಸರಿಸಿ, ಆ ಮಾತು ಇರುವ ಜಾಗಕ್ಕೆ ಬಂದಳು. ಓದಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಸುದ್ದಿ ಓದುವ ಮೊದಲು ಎಳೆದುಕೊಳ್ಳುವ ಹಾಗೆ ಉಸಿರು ಎಳೆದುಕೊಂಡಳು. ಕಾಕು ಸರಿಯಾಗಿ ಕಾಣದ ಕಣ್ಣನ್ನು ಅವಳ ಮುಖಕ್ಕೇ ನೆಟ್ಟು, ಚಿಕ್ಕ ಹುಡುಗಿಯ ಹಾಗೆ ಕಾಯುತ್ತಿದ್ದಳು.

ಹುಡುಗಿ ಮೊಬೈಲನ್ನು ಮಗುಚಿ ಇಟ್ಟಳು.

"ಅದ ನೋಡು ಶಾಣೇತನ," ಅಂದರು ಅಜ್ಜಾರು, ಹಗುರಾಗಿ. "ನಾಳೆ ಹೋಗಿ ತಕ್ರಾರು ಹಿಂದ ತಗೊಂಡಬಿಡು."

"ಇಲ್ರಿ. ಕಾಕೂನ ಮುಂದ ನನಗ ಅನ್ನಾಕ ಆಗಲಿಲ್ಲ. ಇಲ್ಲೆ ಅನ್ನಾಕ ಆಗಂಗಿಲ್ಲಂತನ ಠಾಣ್ಯಾಗ ಹೋಗಿ ಹೇಳೀನಿ. ಅದು ಅಲ್ಲೇ ಇರ್ಲಿ."

ತಮ್ಮ, "ಮೂರ್ಖಿ" ಎಂದು ಎದ್ದು ಒಳಗೆ ಹೋದ. ಅಜ್ಜಾರು ಚಪ್ಪಲಿ ಮೆಟ್ಟಿಕೊಳ್ಳುತ್ತ, ಇಂಥ ಹಟವನ್ನು ನಮ್ಮ ಸಮಾಜದಲ್ಲಿ ಕಂಡಿರಲಿಲ್ಲ ಎಂದರು. ಅವರು ಅಂದದ್ದು ಹುಡುಗಿಗೆ. ಕಾಕು ಮಗನ ಕೈ ಹಿಡಿಯದೆ, ಗೋಡೆ ತಡವುತ್ತ ತಾನೇ ಮೆಟ್ಟಿಲು ಇಳಿದಳು.

ಮರುದಿನ ಬೆಳಿಗ್ಗೆ ಅವ್ವ ಹಿತ್ತಲಿನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ನಾನೂ ಮೊರದ ಈಚೆ ಕೂತೆ.

"ನೀ ಓದೀಯಲ್ಲ?" ಅಂದಳು. "ಹೇಳು ನನಗ."

"ಬ್ಯಾಡ ಬಿಡವ್ವಾ."

"ನಿನಗ ಮಾತ ಕಲಿಸಿದಾಕಿ ನಾನು. ನಾ ಕೇಳಲಾರದ ಮಾತು ಯಾವದೈತಿ? ಹೇಳು."

ಹೇಳಿದೆ. ಬಾಜೂ ಮನೆಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಹೇಳಿದೆ. ಅವನು ಬರೆದದ್ದನ್ನು ಹೇಳಿದೆ, ಸವಾಲು ಕೂಗಿದ್ದನ್ನು ಹೇಳಿದೆ, ಫೋಟೋದ ಸಂಗತಿಯನ್ನೂ ಹೇಳಿದೆ. ಹೇಳುವಾಗ ನಾನು ಅವಳ ಮುಖ ನೋಡಲಿಲ್ಲ, ಮೊರದಲ್ಲಿ ನಿಂತುಹೋದ ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳ ಹತ್ತಿರ ಎಷ್ಟೊಂದು ಬೈಗುಳಗಳಿದ್ದವು. ಒಂದೂ ಬರಲಿಲ್ಲ.

"ಇದನ್ನೆಲ್ಲಾ ಆಕಿ ಓದ್ಯಾಳ?" ಅಂದಳು ಕೊನೆಗೆ.

"ದಿನಾ ಓದ್ತಾಳ."

ಅವ್ವ ಎದ್ದು ಒಳಗೆ ಹೋಗಿ, ಸ್ನಾನಕ್ಕೆ ಹೊರಟಿದ್ದ ತಮ್ಮನನ್ನು ನಿಲ್ಲಿಸಿ, "ತಕ್ರಾರಿನ ಮಾತು ಈ ಮನ್ಯಾಗ ಇನ್ನ ಎತ್ತಬ್ಯಾಡ" ಅಂದಳು. ಅವನು ಬಾಯಿ ತೆರೆದ. "ಎತ್ತಬ್ಯಾಡ ಅಂದ್ನಿ" ಅಂದಳು. ಆ ದಿನದಿಂದ ಅವನು ಎತ್ತಿಲ್ಲ. ಮಗಳ ಹತ್ತಿರ ಬೇರೆ ಮಾತನ್ನೂ ಎತ್ತಿಲ್ಲ. ಅವ್ವ ಕಾಕುವಿಗೆ ಏನನ್ನೂ ಹೇಳಲಿಲ್ಲ. ಹೇಳದೆ ಮಾತಾಡುವುದು ಹೇಗೆ ಎಂದು ಇಬ್ಬರಿಗೂ ಗೊತ್ತಿಲ್ಲ. ಗೋಡೆಯ ಹತ್ತಿರ ಒಬ್ಬಳು ಬಂದರೆ ಇನ್ನೊಬ್ಬಳು ಒಳಗೆ ಹೋಗುತ್ತಾಳಂತೆ. ಅಂಗಡಿ ಸ್ಟ್ಯಾಂಡಿನ ಎದುರು ಎಂದಿನಂತೆ ತೆರೆದಿರುತ್ತದೆ. ಹುಡುಗಿ ಊರಿಗೆ ಹೋಗುವುದನ್ನು ಬಿಟ್ಟಿದ್ದಾಳೆ.

ಸುದ್ದಿ ಓದುವುದನ್ನು ಬಿಟ್ಟಿಲ್ಲ. ಈಗ ನಾನೂ ಜೊತೆಗೆ ಹೋಗುತ್ತೇನೆ. ಅವಳು ಸ್ಟುಡಿಯೋದ ಒಳಗೆ ಹೋಗುವಾಗ ಮೊಬೈಲನ್ನು ನನ್ನ ಕೈಗೆ ಕೊಡುತ್ತಾಳೆ. ಮೊನ್ನೆ ಗಾಜಿನ ಆಚೆ ಅವಳು ಹದಗೆಟ್ಟ ಯಾವುದೋ ರಸ್ತೆಯ ಸುದ್ದಿ ಓದುತ್ತಿದ್ದಳು, ತಲೆ ನೆಟ್ಟಗೆ, ದನಿ ಸ್ವಚ್ಛ. ಸುದ್ದಿ ಅರ್ಧವೂ ಆಗಿರಲಿಲ್ಲ, ನನ್ನ ತೊಡೆಯ ಮೇಲೆ ಮೊಬೈಲು ನಡುಗತೊಡಗಿತು. ನಿಂತಿತು, ಮತ್ತೆ ನಡುಗಿತು. ಮುಗಿಸಿ ಹೊರಗೆ ಬಂದವಳು ಮೈಕಿನ ವೈರು ಬಿಚ್ಚುತ್ತಲೇ ಕೈ ಚಾಚಿದಳು.

"ಮನಿಗೆ ಹೋಗಿ ನೋಡವಾ."

"ಅಷ್ಟರಾಗ ಬರದವರು ಅಳಿಸಿಬಿಡ್ತಾರ ಅತ್ತಿ. ಫೋಟೋ ಹೊಡದ ಇಟಗೋಬೇಕು, ಠಾಣ್ಯಾಗ ಕೇಳ್ತಾರ."

ಟ್ಯೂಬ್‌ಲೈಟಿನ ಕೆಳಗೆ ನಿಂತು, ಮುಖದ ಬಣ್ಣ ಒರೆಸಿಕೊಳ್ಳದೆ, ಒಂದೊಂದನ್ನೇ ಓದುತ್ತ, ಒಂದೊಂದರದೇ ಫೋಟೋ ಹೊಡೆದುಕೊಳ್ಳುತ್ತ ಹೋದಳು. ನಾನು ಅವಳ ಬ್ಯಾಗು ಹಿಡಿದುಕೊಂಡು ನಿಂತಿದ್ದೆ.