ಏನೂ ಮಾಡಬಾರದ ಔಷಧ

ಸಪ್ಪಣ್ಣ ಎಂಬುದು ಅವನಿಗೆ ಮನೆಯಲ್ಲಿಟ್ಟ ಹೆಸರಲ್ಲ, ಕೆಲಸದಿಂದ ಅಂಟಿಕೊಂಡದ್ದು. ಹನ್ನೆರಡು ವರ್ಷಗಳಿಂದ ಅವನು ಇದೇ ಪ್ರಯೋಗಾಲಯದಲ್ಲಿದ್ದಾನೆ. ಉಳಿದ ರಸಾಯನಶಾಸ್ತ್ರಜ್ಞರು ಕ್ಯಾನ್ಸರಿಗೆ ಔಷಧ ಮಾಡುತ್ತಾರೆ. ಇವನು ಕೆಲಸಕ್ಕೆ ಬಾರದ ಔಷಧ ಮಾಡುತ್ತಾನೆ. ಬೇಕೆಂದೇ ಮಾಡುತ್ತಾನೆ, ಅದೂ ಬಹಳ ಅಚ್ಚುಕಟ್ಟಾಗಿ.

ಅದಕ್ಕೆ ಕಾರಣವಿದೆ. ತಂಡ ಮೂರು ವರ್ಷಗಳಿಂದ ಕಟ್ಟುತ್ತಿದ್ದದ್ದು ಎರಡು ಕೈಗಳ ಅಣು. ಒಂದು ಕೈ ಕ್ಯಾನ್ಸರನ್ನು ಬೆಳೆಸುವ ಪ್ರೋಟೀನನ್ನು ಹಿಡಿಯಬೇಕು. ಜೀವಕೋಶಕ್ಕೆ ತನ್ನದೇ ಆದ ಕಸ ವಿಲೇವಾರಿ ಇರುತ್ತದೆ. ಬೇಡದ ಪ್ರೋಟೀನಿಗೆ ಗುರುತು ಹಚ್ಚಿ ಚೂರು ಮಾಡಲು ಕಳಿಸುವ ಆ ಏರ್ಪಾಟನ್ನು ಇನ್ನೊಂದು ಕೈ ಎಳೆದು ತರಬೇಕು. ಹಳೆಯ ಔಷಧಗಳಿಗೆ ಪ್ರೋಟೀನಿನ ಮೈಮೇಲೆ ಹೊಕ್ಕು ಕೂರಲು ಆಳವಾದ ಕುಳಿಯೊಂದು ಬೇಕಿತ್ತು. ಇದಕ್ಕೆ ಸೆರಗಿನ ತುದಿ ಸಿಕ್ಕರೂ ಸಾಕು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಂಥ, ಯಾವ ಔಷಧಕ್ಕೂ ಜಗ್ಗದ ರೋಗದ ಮುಂದೆ ಇದೊಂದು ದಾರಿಯೆಂದು ಹದಿನಾಲ್ಕು ಮಂದಿ ನಂಬಿಕೊಂಡಿದ್ದರು.

ಪ್ರೋಟೀನು ಮಾಯವಾದರೆ ಅದು ಆ ಎರಡು ಕೈಗಳ ಕೆಲಸವೇ ಎಂದು ತಿಳಿಯುವುದು ಹೇಗೆ? ಅಲ್ಲಿ ಸಪ್ಪಣ್ಣ ಬೇಕು. ಪ್ರತಿ ಔಷಧಕ್ಕೂ ಅವನೊಂದು ಅವಳಿಯನ್ನು ಮಾಡುತ್ತಾನೆ. ಪರಮಾಣುಗಳೆಲ್ಲ ಅವೇ. ಎರಡನೆಯ ಕೈಯಲ್ಲಿ ಒಂದು ಕವಲು ಮಾತ್ರ ಎಡಕ್ಕಿರುವ ಬದಲು ಬಲಕ್ಕಿರುತ್ತದೆ. ಅಷ್ಟರಿಂದಲೇ ಆ ಕೈ ಏನನ್ನೂ ಹಿಡಿಯಲಾರದು. ಅಸಲಿ ಔಷಧ ಹಾಕಿದಲ್ಲಿ ಪ್ರೋಟೀನು ಹೋಗಬೇಕು, ಸಪ್ಪೆ ಹಾಕಿದಲ್ಲಿ ಇರಬೇಕು. ಏನೂ ಆಗದಿದ್ದರೆ ಅದು ಸಪ್ಪಣ್ಣನ ಗೆಲುವು. ಏನೂ ಆಗದ್ದಕ್ಕೆ ಯಾರೂ ಬೆನ್ನು ತಟ್ಟುವುದಿಲ್ಲ.

ಕೊನೆಯ ರೂಪದ ಔಷಧ ಸಿದ್ಧವಾಗಿತ್ತು. ರೋಗಿಗಳಿಗೆ ಕೊಟ್ಟು ನೋಡುವ ಮಾತಿಗೆ ಆಸ್ಪತ್ರೆಯ ವೈದ್ಯರು ಮುಂದಿನ ತಿಂಗಳು ಬರುವವರಿದ್ದರು. ಆಗ ಒಂದು ಮಂಗಳವಾರ, ಜೀವಕೋಶಗಳನ್ನು ಸಾಕಿ ಪರೀಕ್ಷೆ ಮಾಡುವ ಸಹೋದ್ಯೋಗಿ ಪರೀಕ್ಷೆಯ ಫಲಿತಾಂಶ ಮೂಡಿದ ಫಿಲ್ಮ್ ಹಿಡಿದು ಅವನ ಮೇಜಿಗೆ ಬಂದಳು.

"ಸಪ್ಪಣ್ಣ, ಏನ್ ಕೊಟ್ರಿ ನನಗೆ?"

"ಸಪ್ಪೆ."

"ಉಪ್ಪು ಖಾರ ಎಲ್ಲಾ ಬಿದ್ದಿದೆ ಅದರಲ್ಲಿ. ನೀವೇ ನೋಡಿ."

ಫಿಲ್ಮಿನಲ್ಲಿ ಮೂರು ಜಾಗ. ಏನೂ ಹಾಕದ ಕೋಶಗಳ ಜಾಗದಲ್ಲಿ ಪ್ರೋಟೀನಿನ ಕಪ್ಪು ಪಟ್ಟಿ ದಪ್ಪವಾಗಿತ್ತು. ಔಷಧ ಹಾಕಿದಲ್ಲಿ ಪಟ್ಟಿ ಇರಲಿಲ್ಲ. ಸಪ್ಪೆ ಹಾಕಿದಲ್ಲೂ ಇರಲಿಲ್ಲ.

ತಂಡದ ಮುಖ್ಯಸ್ಥೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಸೀಸೆ ಅದಲುಬದಲಾಗಿದೆ. ಇಲ್ಲಾ ಅಸಲಿಯ ಚೂರು ನಿಮ್ಮದರಲ್ಲಿ ಸೇರಿಕೊಂಡಿದೆ. ಇನ್ನೊಂದ್ಸಲ ಮಾಡಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ಯಾರದೆಂದು ಕೋಣೆಯಲ್ಲಿದ್ದ ಎಲ್ಲರೂ ಆಗಲೇ ತೀರ್ಮಾನಿಸಿಯಾಗಿತ್ತು.

ಮತ್ತೆ ಮಾಡಲು ಒಂಬತ್ತು ದಿನ ಹಿಡಿಯಿತು. ಹನ್ನೊಂದು ಹಂತಗಳು. ಅವನು ಹೊಸ ಗಾಜಿನ ಸಾಮಾನು ತರಿಸಿದ, ಹೊಸ ದ್ರಾವಕದ ಬಾಟಲಿಗಳನ್ನು ತೆರೆದ, ಹಳೆಯ ನೋಟ್‌ಬುಕ್ಕನ್ನು ಸಾಲು ಸಾಲಾಗಿ ಓದಿದ. ತಪ್ಪು ಇಲ್ಲವೆಂದು ತೋರಿಸಲು ಓದುತ್ತಿರಲಿಲ್ಲ, ತಪ್ಪು ಸಿಗಲಿ ಎಂದು ಓದುತ್ತಿದ್ದ. ಸಿಕ್ಕರೆ ಔಷಧ ಉಳಿಯುತ್ತದೆ. ಎಲ್ಲೂ ಸಿಗಲಿಲ್ಲ. ಮಧ್ಯಾಹ್ನ ಅವನು ತಟ್ಟೆ ಹಿಡಿದು ಬಂದರೆ ದೊಡ್ಡ ಮೇಜಿನ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. ಮೂರನೆಯ ದಿನದಿಂದ ಅವನು ಸಿಂಕಿನ ಪಕ್ಕದ ಸ್ಟೂಲಿನಲ್ಲೇ ತಿಂದು ಮುಗಿಸತೊಡಗಿದ.

ಭಾನುವಾರ ಅಕ್ಕ ಫೋನ್ ಮಾಡಿದಳು.

"ಊಟ ಆಯ್ತೇನೋ?"

"ಆಯ್ತು."

"ಯಾರ ಜೊತೆ?"

"ರೇಡಿಯೋ ಜೊತೆ."

"ದನಿ ಯಾಕೆ ಹಾಗಿದೆ?"

"ನಾನು ತಪ್ಪು ಮಾಡಿದೀನಿ ಅಂತಿದಾರೆ ಅಕ್ಕ."

"ಮಾಡಿದೀಯಾ?"

"ಮಾಡಿದ್ರೆ ಚೆನ್ನಾಗಿತ್ತು."

"ನಿನ್ನ ತಲೆ! ಹೀಗೆ ಮಾತಾಡೋರ ಹತ್ರ ಯಾರು ಊಟಕ್ಕೆ ಕೂರ್ತಾರೆ ಹೇಳು," ಎಂದು ನಕ್ಕು, ಒಲೆಯ ಮೇಲೆ ಏನೋ ಉಕ್ಕಿತೆಂದು ಫೋನ್ ಇಟ್ಟಳು. ಅವನು ಸ್ವಲ್ಪ ಹೊತ್ತು ಫೋನನ್ನು ಕಿವಿಗೇ ಹಿಡಿದುಕೊಂಡಿದ್ದ.

ಹೊಸ ಸಪ್ಪೆಯನ್ನೂ ಅಸಲಿಯನ್ನೂ ಹೆಸರು ಬರೆಯದೆ, ಒಂದರ ಮೇಲೆ ನೀಲಿ, ಇನ್ನೊಂದರ ಮೇಲೆ ಹಸಿರು ಚುಕ್ಕೆಯಿಟ್ಟು ಪರೀಕ್ಷೆಗೆ ಕೊಟ್ಟ. ಯಾವುದು ಯಾವುದೆಂದು ಪರೀಕ್ಷೆ ಮಾಡುವವಳಿಗೂ ಗೊತ್ತಿರಬಾರದು. ಎರಡೂ ಕಡೆ ಪಟ್ಟಿ ಮತ್ತೆ ಮಾಯ.

ಮುಖ್ಯಸ್ಥೆ ಬಾಗಿಲು ಮುಚ್ಚಿ ಅವನನ್ನು ಕೂರಿಸಿದರು.

"ಸಪ್ಪೆಯ ಮಾದರಿ ಕಲಬೆರಕೆ ಅಂತ ಒಂದು ಸಾಲು ಬರೆದುಬಿಡಿ. ನಿಮ್ಮನ್ನ ಯಾರೂ ಏನೂ ಅನ್ನಲ್ಲ. ವೈದ್ಯರು ಬಂದು ಹೋಗ್ಲಿ, ಆಮೇಲೆ ನಿಧಾನವಾಗಿ ನೋಡೋಣ."

ಯಾರೂ ಏನೂ ಅನ್ನುವುದಿಲ್ಲ ಎಂಬುದು ನಿಜವೇ. ಆ ಒಂದು ಸಾಲು ಬರೆದರೆ ನಾಳೆಯೇ ದೊಡ್ಡ ಮೇಜಿನಲ್ಲಿ ಅವನಿಗೆ ಜಾಗ ಸಿಗುತ್ತಿತ್ತು. ಎಡವಟ್ಟು ಸಪ್ಪಣ್ಣ ಎಂದು ನಾಲ್ಕು ದಿನ ನಗುತ್ತಿದ್ದರು, ಅವನೂ ನಗಬಹುದಿತ್ತು.

"ಎರಡೆರಡು ಸಲ ಕಲಬೆರಕೆ ಆಗಲ್ಲ ಮೇಡಂ," ಎಂದ. "ಎರಡನೇ ಕೈ ಏನನ್ನೂ ಹಿಡಿಯದೇನೇ ಪ್ರೋಟೀನು ಹೋಗ್ತಿದೆ ಅಂದ್ರೆ ಬೇರೇನೋ ಆಗ್ತಿದೆ. ಆರೋಗ್ಯವಾಗಿರೋ ಕೋಶಗಳ ಮೇಲೆ ನಾವು ನೋಡಿದ್ದು ಒಂದೇ ದಿನ. ಎರಡನ್ನೂ ಹಾಕಿ ನಾಲ್ಕು ದಿನ ಬಿಟ್ಟು ನೋಡೋಣ."

"ಸತ್ರೆ?"

"ಸತ್ರೆ, ರೋಗಿಗಳಿಗೆ ಕೊಡೋ ಹಾಗಿಲ್ಲ."

ಮುಖ್ಯಸ್ಥೆ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ನಿಮ್ಮ ತಪ್ಪೇ ಆಗಿದ್ರೆ ಎಷ್ಟು ಸುಲಭ ಇತ್ತು," ಎಂದರು.

"ನನಗೂ ಮೇಡಂ."

ಐದನೆಯ ದಿನ ನೋಡಿದರೆ ಆರೋಗ್ಯವಾಗಿದ್ದ ಕೋಶಗಳು ಎರಡು ತಟ್ಟೆಗಳಲ್ಲೂ ಸತ್ತಿದ್ದವು. ಔಷಧದ ಎರಡನೆಯ ಕೈ ಏನನ್ನೂ ಎಳೆದು ತಂದಿರಲಿಲ್ಲ. ಆ ಅಣು ಸುಮ್ಮನೆ ವಿಷ. ವಿಷ ಕುಡಿದ ಕೋಶ ಹೊಸ ಪ್ರೋಟೀನು ಮಾಡುವುದನ್ನು ನಿಲ್ಲಿಸುತ್ತದೆ. ಆಗ ಅಲ್ಪಾಯುಷಿ ಪ್ರೋಟೀನುಗಳು ಮೊದಲು ಕರಗುತ್ತವೆ, ಇವರು ಬೆನ್ನು ಹತ್ತಿದ್ದ ಪ್ರೋಟೀನೂ ಅಂಥದ್ದೇ. ಮುಖ್ಯಸ್ಥೆ ಆಸ್ಪತ್ರೆಗೆ ತಾವೇ ಫೋನ್ ಮಾಡಿ ಬರುವುದು ಬೇಡವೆಂದರು. ವರದಿಯಲ್ಲಿ ಸಪ್ಪಣ್ಣನ ಹೆಸರು ಮೊದಲನೆಯದಾಗಿ ಬಂತು. ಹನ್ನೆರಡು ವರ್ಷಗಳಲ್ಲಿ ಅದು ಮೊದಲ ಸಲ.

ಎರಡು ವಾರದೊಳಗೆ ತಂಡ ಬೇರೆ ಬೇರೆ ಮಹಡಿಗಳಿಗೆ ಹಂಚಿಹೋಯಿತು. ಅವನ ಮೇಲೆ ಯಾರೂ ರೇಗಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ತಲೆಯಾಡಿಸುತ್ತಿದ್ದರು, ಕೈಯಲ್ಲಿದ್ದ ಕಾಗದವನ್ನು ಓದತೊಡಗುತ್ತಿದ್ದರು. ಉಳಿದ ಮಾದರಿಗಳನ್ನು ನಾಶ ಮಾಡುವ ಕೆಲಸ ಅವನಿಗೆ ಬಂತು. ನಿಯಮದ ಪ್ರಕಾರ ಇಬ್ಬರ ಸಹಿ ಬೇಕು. ಇನ್ನೂರಹದಿನೇಳು ಸೀಸೆಗಳನ್ನು ಜೋಡಿಸಿಟ್ಟು ಅವನು ಬೆಳಿಗ್ಗೆಯಿಂದ ಕಾದ.

ಮಧ್ಯಾಹ್ನ ಪರೀಕ್ಷೆಯವಳು ಓಡುತ್ತ ಬಂದಳು. ನಿಂತಲ್ಲೇ ಸಹಿ ಹಾಕಿ, ಪೆನ್ನು ಹಿಂದಿರುಗಿಸುವಾಗ ಎಂದಳು, "ಸರ್, ಅವತ್ತು ನಾನೂ ನಿಮ್ಮ ತಪ್ಪೇ ಅಂದ್ಕೊಂಡೆ."

"ಅನುಮಾನ ಪಡೋದು ನಿಮ್ಮ ಕೆಲಸ. ನಾನೂ ಪಟ್ಟೆ."

ಅವಳಿಗೆ ಇನ್ನೇನೋ ಹೇಳುವುದಿತ್ತು. ಆದರೆ ಗಡಿಯಾರ ನೋಡಿ, "ಕೋಶಗಳಿಗೆ ಆಹಾರ ಹಾಕ್ಬೇಕು," ಎಂದು ಹೊರಟಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಸಪ್ಪಣ್ಣ ಕೈಗವಸು ಹಾಕಿಕೊಂಡು ಮೊದಲ ಸೀಸೆಯ ಮುಚ್ಚಳ ತಿರುಗಿಸಿದ, ಪಟ್ಟಿಯಲ್ಲಿ ಅದರ ಸಂಖ್ಯೆಯ ಮುಂದೆ ಗೀಟು ಹಾಕಿದ, ಎರಡನೆಯದನ್ನು ಎತ್ತಿಕೊಂಡ.