ಅದ್ರೋನಕ್ಕ ಮಾತು ಬಿಟ್ಟದ್ದು

ಅದ್ರೋನಕ್ಕನ ಗಂಡನ ಹೆಸರನ್ನು ನಾನು ಬರೆಯುವುದಿಲ್ಲ. ತೀರಿಹೋದವರನ್ನು ಹೆಸರು ಹಿಡಿದು ಕರೆದರೆ ಅವರು ಮುಂದಕ್ಕೆ ಹೋಗದೆ ಹಿಂತಿರುಗಿ ನೋಡುತ್ತಾರೆ ಎಂಬುದು ನಮ್ಮವರ ನಂಬಿಕೆ. ಇಪ್ಪತ್ತೆಂಟು ವರ್ಷ ಲಾರಿ ಓಡಿಸಿ ಹತ್ತೂರಿನ ನೀರು ಕುಡಿದವನು ನಾನು, ಇಂಥದ್ದನ್ನೆಲ್ಲ ಅರ್ಧ ನಂಬುತ್ತೇನೆ, ಅರ್ಧ ಬಿಡುತ್ತೇನೆ. ಆದರೆ ಅವನ ವಿಷಯದಲ್ಲಿ ನಾನು ಮಾಡಿದ ಎಡವಟ್ಟೇ ಸಾಕಷ್ಟಿದೆ. ಅವನನ್ನು ಮೇಸ್ತ್ರಿ ಎನ್ನುತ್ತೇನೆ.

ನಮ್ಮ ಶಾರೊಂಗ್ ಕಣಿವೆಯ ಕಲ್ಲಿನ ಮನೆಗಳಲ್ಲಿ ಅರ್ಧದಷ್ಟು ಮೇಸ್ತ್ರಿ ಕಟ್ಟಿದವು. ನೂಲು ಹಿಡಿಯದೆ, ಬರೀ ಕಣ್ಣಳತೆಯಲ್ಲಿ ಮೂರು ಅಂತಸ್ತು ಏರಿಸುತ್ತಿದ್ದ. ಅವನಿಗೆ ಬರುತ್ತಿದ್ದದ್ದು ನಮ್ಮ ಕಣಿವೆಯ ಮಾತು ಒಂದೇ. ಗುಡ್ಡ ದಾಟಿದರೆ ಖಾಮ್ ಮಾತು, ಲಕ್ಷಗಟ್ಟಲೆ ಜನ ಆಡುವಂಥದ್ದು. ಕೆಳಗಿನ ಪೇಟೆಯಲ್ಲಿ ಚೀನೀ. ಗುಡ್ಡದಾಚೆಯವರೂ ನಾವೂ ಟಿಬೆಟಿನವರೇ, ಒಂದೇ ತ್ಸಂಪಾ ಹಿಟ್ಟು ಕಲಸಿ ತಿನ್ನುವವರೇ. ಆದರೂ ನಮ್ಮ ಮಾತಿನಲ್ಲಿ ಬಾಯಿತುಂಬ ಬೈದರೆ ಅವರು ನಕ್ಕು ಚಹಾ ಬಗ್ಗಿಸುತ್ತಾರೆ. ಅಲ್ಲಿ ಹೋದಾಗ ಮೇಸ್ತ್ರಿ ಎಲ್ಲದಕ್ಕೂ ತಲೆ ಆಡಿಸುತ್ತಿದ್ದ. ಹಾಗೆ ತಲೆ ಆಡಿಸಿಯೇ ಒಮ್ಮೆ ಯಾರಿಗೋ ಪುಕ್ಕಟೆಯಾಗಿ ಒಂದು ಕೊಟ್ಟಿಗೆ ಕಟ್ಟಿಕೊಟ್ಟು ಬಂದ.

"ಬಾಯಿಬಿಟ್ಟು ಕೇಳೋಕೆ ಏನಾಗಿತ್ತು ನಿಂಗೆ?" ಎಂದು ಅದ್ರೋನಕ್ಕ ರೇಗಿದಳು.

"ಕೇಳ್ದೆ ಕಣೇ. ನನ್ನ ಬಾಯಲ್ಲಿ ಕೇಳ್ದೆ. ಅವರ ಬಾಯಿ ಎಲ್ಲಿಂದ ತರ್ಲಿ?"

ಅವಳೇನು ಕಡಿಮೆಯೇ? ಖಾಮ್ ಮಾತಿನಲ್ಲಿ ಉಪ್ಪು, ಬೆಣ್ಣೆ, ಬಾ, ಹೋಗು ಎಂದು ಒಂದು ಮೂವತ್ತು ಪದ ಬಂದರೆ ಹೆಚ್ಚು. ನಮ್ಮ ಮಾತಿನಲ್ಲಿ ಮಾತ್ರ ಅವಳ ನಾಲಿಗೆಗೆ ಎದುರಾಳಿ ಇರಲಿಲ್ಲ. ಗಂಡನಿಗೆ ಕಲ್ಲು ಎತ್ತಿಕೊಡುತ್ತ, "ಅದಲ್ಲ ಮಾರಾಯ, ಆ ಚಪ್ಪಟೆ ಕಲ್ಲು ಇಡು" ಎಂದು ಅವಳು ತಪ್ಪು ತೆಗೆಯುವುದು ಅರ್ಧ ಕಣಿವೆಗೆ ಕೇಳುತ್ತಿತ್ತು. ಅವನು ಗೊಣಗುತ್ತ ಅದನ್ನೇ ಇಡುತ್ತಿದ್ದ.

ಹೋದ ವರ್ಷ ಬಾರ್ಲಿ ಕೊಯ್ಲಿನ ಹೊತ್ತಿಗೆ ಮೇಸ್ತ್ರಿ ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟ. ಗುಡ್ಡದಾಚೆಯಿಂದ ಲಾಮಾ ಬಂದರು. ಬಿಳಿ ಬಟ್ಟೆ ಸುತ್ತಿ ಮೂಲೆಯಲ್ಲಿ ಕೂರಿಸಿದ್ದ ಮೇಸ್ತ್ರಿಯ ಕಡೆ ಬಾಗಿ, ಸತ್ತವರಿಗೆ ದಾರಿ ಹೇಳುವ ಪುಸ್ತಕ ಓದತೊಡಗಿದರು. ಮುಂದೆ ಯಾವ ಬೆಳಕು ಕಾಣುತ್ತದೆ, ಯಾವುದಕ್ಕೆ ಹೆದರಬಾರದು, ಯಾವುದರ ಹಿಂದೆ ಹೋಗಬಾರದು ಎಂಬುದೆಲ್ಲ ಅದರಲ್ಲಿದೆ. ಎರಡನೆಯ ದಿನ ಅದ್ರೋನಕ್ಕ ನನ್ನನ್ನು ಅಂಗಳಕ್ಕೆ ಕರೆದಳು.

"ತಮ್ಮಾ, ಲಾಮಾ ಓದ್ತಿರೋದು ನಿಂಗೆ ತಿಳಿಯುತ್ತಾ?"

"ಅಲ್ಲಲ್ಲಿ ತಿಳಿಯುತ್ತಕ್ಕ."

"ಇವ್ನಿಗೆ?"

ಸತ್ತ ಮೇಲೆ ಬುದ್ಧಿ ಒಂಬತ್ತು ಪಟ್ಟು ಚುರುಕಾಗುತ್ತದಂತೆ, ಎಲ್ಲ ತಿಳಿಯುತ್ತದೆ ಎಂದೆ.

"ಒಂಬತ್ತು ಪಟ್ಟು ಆಗೋಕೆ ಮೊದಲು ಒಂದಾದ್ರೂ ಇರ್ಬೇಕಲ್ಲೋ! ಎಲ್ಲದಕ್ಕೂ ತಲೆ ಆಡಿಸ್ಕೊಂಡು ಎಲ್ಲಿಗೋ ಹೋಗ್ಬಿಡ್ತಾನೆ. ನಾಯಾಗಿ ಹುಟ್ತಾನೋ, ನರಕಕ್ಕೇ ಬೀಳ್ತಾನೋ. ನಮ್ಮ ಮಾತಲ್ಲಿ ನೀನು ಹೇಳೋ ಅವ್ನಿಗೆ. ನಿನ್ನ ಕಾಲಿಗೆ ಬೀಳ್ತೀನಿ."

ಲಾಮಾ ಒಳ್ಳೆಯವರು. "ನಾನು ಒಂದೊಂದು ತುಂಡು ಓದ್ತೀನಿ, ನೀನು ಹೇಳು" ಎಂದರು. "ಆದ್ರೆ ಮನೆಯವರ ದನಿ ಮಾತ್ರ ತೀರಿಹೋದವರ ಕಿವಿಗೆ ಬೀಳೋದು ಬೇಡ. ಹೆಂಡತಿ ದನಿ ಕೇಳಿದ್ರೆ ಕಾಲು ಮುಂದಕ್ಕೆ ಬರಲ್ಲಪ್ಪ." ಅದನ್ನು ಅದ್ರೋನಕ್ಕನಿಗೆ ತಿಳಿಸಿದೆ. ಅವಳು ಬಾಗಿಲಾಚೆ ಹೋಗಿ, ಸೊಂಟಕ್ಕೆ ಕಟ್ಟಿದ ಮುಂಬಟ್ಟೆಯ ಅಂಚನ್ನು ಬಾಯಿಗೆ ತುರುಕಿಕೊಂಡು ಕುಳಿತಳು.

ಲಾರಿ ಓಡಿಸುತ್ತ, ಸಂತೆಯಲ್ಲಿ ಬೆಲೆ ಕುದುರಿಸಲೆಂದು ಖಾಮ್ ಮಾತು ಕಲಿತ ಬಾಯಿ ನನ್ನದು. ಪುಸ್ತಕದ ಆ ದೊಡ್ಡ ದೊಡ್ಡ ಮಾತುಗಳಿಗೆ ನಮ್ಮ ಮಾತಿನಲ್ಲಿ ಏನೆನ್ನಬೇಕೋ ಯಾರಿಗೆ ಗೊತ್ತು? "ಮೇಸ್ತ್ರೀ, ಹೆದರ್ಬೇಡ" ಎಂದು ಶುರುಮಾಡಿದೆ. ಲಾಮಾ ಒಂದು ಉದ್ದನೆಯ ತುಂಡು ಓದಿದರು. ಕಣ್ಣು ಕುಕ್ಕುವ ಬೆಳಕು, ಪಕ್ಕದಲ್ಲೊಂದು ಮಬ್ಬು ಬೆಳಕು. ನಡುವೆ ಎಲ್ಲೋ ನನಗೆ ಎಳೆ ತಪ್ಪಿತು. "ಆ ಕಣ್ಣು ಕುಕ್ಕೋದನ್ನ ಬಿಟ್ಬಿಡು, ಮಬ್ಬು ಬೆಳಕಿನ ಕಡೆ ನಡಿ" ಎಂದುಬಿಟ್ಟೆ.

ಊರಿನಲ್ಲಿ ಸಾವಾದಾಗಲೆಲ್ಲ ತಿಳಿದವರನ್ನು ಕೇಳಿ, ದೊಡ್ಡ ಬೆಳಕನ್ನೇ ಹಿಡಿಯಬೇಕೆಂಬಷ್ಟನ್ನು ಅದ್ರೋನಕ್ಕ ತಿಳಿದುಕೊಂಡಿದ್ದಳು.

"ಅದಲ್ಲ ಮಾರಾಯ!" ಬಾಗಿಲಾಚೆಯಿಂದ ಕೂಗಿದಳು. "ಮಬ್ಬಿನ ಕಡೆ ಹೋಗ್ಬೇಡ! ದೊಡ್ಡದು, ದೊಡ್ಡ ಬೆಳಕು ಹಿಡಿ! ನನ್ನ ಮಾತು ಕೇಳು!"

ಲಾಮಾರ ಬೆರಳು ಹಾಳೆಯ ಮೇಲೆ ನಿಂತಿತು. ಅವರು ಬೈಯಲಿಲ್ಲ. ಹಾಳೆಗಳನ್ನು ಹಿಂದಕ್ಕೆ ತಿರುವಿ ಮೊದಲಿನಿಂದ ಓದತೊಡಗಿದರು. ನಾನು ಎದ್ದೆ. ಹೊರಗೆ ಹೋದರೆ ಅದ್ರೋನಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ಪಿಸುಗುಟ್ಟಿದಳು, "ತಿರುಗಿ ನೋಡಿದ್ನೇನೋ?"

ನಮ್ಮ ಮಾತಿನಲ್ಲಿ ನಾನು ಅವಳಿಂದ ಕೇಳಿದ ಕೊನೆಯ ಮಾತು ಅದು.

ಅಂದಿನಿಂದ ಅವಳಿಗೆ ಆ ಮೂವತ್ತು ಖಾಮ್ ಪದಗಳೇ ಗತಿ. ಸೊಸೆಗೆ ಕೈಸನ್ನೆ ಮಾಡುತ್ತಾಳೆ. ಯಾಕ್‌ಗಳನ್ನು ಖಾಮ್ ಮಾತಿನಲ್ಲಿ ಕರೆಯುತ್ತಾಳೆ, ಅವು ತಿರುಗಿಯೂ ನೋಡುವುದಿಲ್ಲ. ಕೋಲು ಹಿಡಿದು ಹಿಂದೆ ಓಡುತ್ತಾಳೆ. ಸತ್ತವರು ಮರುಹುಟ್ಟು ಪಡೆಯುವ ನಲವತ್ತೊಂಬತ್ತು ದಿನ ಕಳೆದ ಮೇಲೆ ಹೋಗಿ ಹೇಳಿದೆ, "ಅಕ್ಕಾ, ಸಾಕು ಮಾಡು. ಇಷ್ಟೊತ್ತಿಗೆ ಅವನು ಎಲ್ಲೋ ಹುಟ್ಟಿರ್ತಾನೆ. ತಪ್ಪು ನಂದು, ಬೇಕಾದ್ರೆ ನಮ್ಮ ಮಾತಲ್ಲೇ ನನ್ನನ್ನ ಬಯ್ಯಿ."

ಅವಳು ಪದ ಹುಡುಕಿ ಹುಡುಕಿ ಖಾಮ್ ಮಾತಿನಲ್ಲಿ ಹೇಳಿದಳು, "ಅವ್ನು ದಾರಿ ಗೊತ್ತಿಲ್ಲ. ನಮ್ಮ ಮಾತಲ್ಲಿ ನನ್ನ ದನಿ ಬಂದ್ರೆ, ಅವ್ನು ಬಂದ."

ಮೊನ್ನೆ ನಗರದಿಂದ ಒಬ್ಬ ಹುಡುಗಿ ಬಂದಿದ್ದಳು. ಟಿಬೆಟಿನವರು ಆಡುವ ಸಣ್ಣಪುಟ್ಟ ಭಾಷೆಗಳು ಹತ್ತಾರಿವೆಯಂತೆ, ಒಂದೊಂದನ್ನೂ ಎಷ್ಟು ಜನ ಆಡುತ್ತಾರೆಂದು ಮನೆಮನೆಗೆ ಹೋಗಿ ಬರೆದುಕೊಳ್ಳುವುದು ಅವಳ ಕೆಲಸ. ದಾರಿ ತೋರಿಸಲು ನಾನೇ ಹೋದೆ. ಅದ್ರೋನಕ್ಕನ ಮನೆಯಲ್ಲಿ ಅವಳು ಖಾಮ್ ಮಾತಿನಲ್ಲಿ ಕೇಳಿದಳು, "ಅಜ್ಜಿ, ನಿಮಗೆ ಕಣಿವೆ ಮಾತು ಬರುತ್ತಾ?"

ಅದ್ರೋನಕ್ಕ ಮೂಲೆಯ ಕಡೆ ಒಮ್ಮೆ ನೋಡಿದಳು.

"ಇಲ್ಲ" ಎಂದಳು.

ಹುಡುಗಿ ನನ್ನ ಮುಖ ನೋಡಿದಳು. ಬರುತ್ತದೆ ಎಂದು ನಾನೆಂದರೆ, ಹಾಗಾದರೆ ನಾಲ್ಕು ಮಾತಾಡಿಸಿ ಎಂದು ದನಿ ಹಿಡಿಯುವ ಯಂತ್ರ ಮುಂದೆ ಹಿಡಿಯುತ್ತಾಳೆ. ಅದ್ರೋನಕ್ಕ ನನ್ನನ್ನೇ ನೋಡುತ್ತಿದ್ದಳು, ಬೇಡಿಕೊಳ್ಳುವಂತೆ. "ಮುಂದಿನ ಮನೆಗೆ ಹೋಗೋಣ" ಎಂದೆ.

ಸಂಜೆ ಹುಡುಗಿ ಎಲ್ಲ ಕೂಡಿಸಿ, ಕಣಿವೆ ಮಾತು ಆಡುವವರು ಆರುನೂರ ಹನ್ನೆರಡು ಎಂದು ಬರೆದಳು. ಅದರಲ್ಲಿ ಅದ್ರೋನಕ್ಕ ಇಲ್ಲ.